ನಿಂಬೆಹಣ್ಣು ಬೇಡ, ದೇವರು ಬಂದಿಲ್ಲ

ಕಣ್ಣು ತೆರೆದರೆ ಎದುರಿಗೆ ಒಬ್ಬ ಹೆಂಗಸು ನಿಂಬೆಹಣ್ಣು ಹಿಡಿದು ನಿಂತಿದ್ದಳು. "ಅಮ್ಮಾ, ನನ್ ಮಗಳಿಗೆ ಯಾವಾಗ ಮದ್ವೆ ಆಗುತ್ತೆ, ಒಂದ್ ಮಾತು ಹೇಳ್ಬಿಡಿ" ಅಂದಳು. ನಾನು ಹಲಸೂರಿನ ಪಾರ್ಕಿನಲ್ಲಿ, ಅರಳಿಕಟ್ಟೆಯ ಪಕ್ಕ, ಮರ ತಬ್ಬಿದವರ ಹಾಗೆ ಎರಡೂ ಕೈ ಮುಂದೆ ಚಾಚಿ, ಮೊಣಕಾಲು ತುಸು ಬಗ್ಗಿಸಿ ನಿಂತಿದ್ದೆ. ಮೈ ಸಣ್ಣಗೆ ನಡುಗುತ್ತಿತ್ತು. ಮೈಮೇಲೆ ದೇವರು ಬಂದಿದೆ ಅಂದುಕೊಂಡಿದ್ದಳು.

"ದೇವ್ರೂ ಇಲ್ಲ, ದೆವ್ವಾನೂ ಇಲ್ಲ. ತೋಳು ನೋವು, ಅದಕ್ಕ ನಿಂತೀನಿ" ಅಂದೆ. ನಂಬಲಿಲ್ಲ. ಹಣ್ಣನ್ನು ನನ್ನ ಕಾಲ ಹತ್ತಿರ ಇಟ್ಟು ಕೈಮುಗಿದು ಹೋದಳು. ಅದನ್ನು ಮನೆಗೆ ತಂದು ಸಾರಿಗೆ ಹಿಂಡಿದೆ.

ನಾನು ಗದಗ ಸೀಮೆಯವಳು. ಓದಿದ್ದು ಮೂರನೆಯ ಇಯತ್ತೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಗಳು ಶಾಂತಾಳ ಬಾಣಂತನಕ್ಕೆ ಬೆಂಗಳೂರಿಗೆ ಬಂದೆ. ಅವಳು ದೊಮ್ಮಲೂರಿನ ಆಫೀಸಿಗೆ ತಿರುಗಿ ಹೋಗಲು ಶುರುಮಾಡಿದಳು, ಮೊಮ್ಮಗಳನ್ನು ನೋಡಿಕೊಂಡು ನಾನು ಇಲ್ಲೇ ಉಳಿದೆ. ಊರಲ್ಲಿ ಬಾಗಿಲು ತೆರೆದರೆ ಅಂಗಳ. ಇಲ್ಲಿ ಬಾಗಿಲು ತೆರೆದರೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಮಾಲೀಕರ ಮನೆ. ಅಲ್ಲಿ ನೋವಾದರೆ ನಾಲ್ಕು ಮನೆಯವರು ಬಂದು ಕೂರುತ್ತಿದ್ದರು. ಇಲ್ಲಿ ತರಕಾರಿಯವಳಿಗೆ ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಲ್ಲಿ ಹೇಳುತ್ತಿದ್ದಳು. ಬದನೆಕಾಯಿ ಮಾತ್ರ ಸರಿಯಾಗಿ ಬರುತ್ತಿತ್ತು.

ಬಂದ ಎರಡನೆಯ ವರ್ಷ ಬಲತೋಳು ಹಿಡಿದುಕೊಂಡಿತು. ಭುಜದ ಮೇಲೆ ಏಳಲೇ ಒಲ್ಲದು. ರೊಟ್ಟಿ ಹೇಗೋ ಬಡಿಯುತ್ತಿದ್ದೆ, ತುರುಬು ಕಟ್ಟಲು ಆಗುತ್ತಿರಲಿಲ್ಲ. ದಿನಾ ಬೆಳಗ್ಗೆ ಶಾಂತಾ ಬಸ್ಸಿನ ಅವಸರದಲ್ಲಿ ನನ್ನ ಕೂದಲು ಎಳೆದು ಸುತ್ತುತ್ತಿದ್ದಳು. ಮಗಳಿಗೆ ಜಡೆ ಹಾಕಿ ಬೆಳೆಸಿದವಳು ಮಗಳ ಮುಂದೆ ತಲೆ ಒಡ್ಡಿ ಕೂರುವುದು ನನಗೆ ನೋವಿಗಿಂತ ಹೆಚ್ಚು ಚುಚ್ಚುತ್ತಿತ್ತು. ಡಾಕ್ಟರು "ವಯಸ್ಸಾಯ್ತಲ್ಲಮ್ಮ, ಕೈ ಆಡಿಸ್ತಾ ಇರಿ" ಅಂದರು.

ಮೊಮ್ಮಗಳನ್ನು ಪಾರ್ಕಿಗೆ ಕರೆದೊಯ್ದಾಗ ಲೀಯಮ್ಮ ಸಿಕ್ಕಳು. ನನ್ನದೇ ವಯಸ್ಸು. ಮುಖ ನೋಡಿ, ಚೀನಾದಾಕಿ, ಇವಳಿಗೆ ನನ್ನ ಮಾತು ಎಲ್ಲಿ ತಿಳಿಯಬೇಕು ಅಂತ ಸುಮ್ಮನಿದ್ದೆ. ಅವಳೇ "ಏನ್ರೀ, ಕೈ ಯಾಕೆ ಹಂಗೆ ಅಂಟಿಸ್ಕೊಂಡಿದ್ದೀರಾ?" ಅಂದಳು.

"ನಿಮ್ಮದು ಯಾವ ಊರ್ರೀ?"

"ಶಿವಾಜಿನಗರ. ಹುಟ್ಟಿದ್ದೇ ಅಲ್ಲಿ. ನಮ್ಮಪ್ಪ ಹಲ್ಲಿನ ಸೆಟ್ ಕಟ್ತಿದ್ರು. ನನ್ ಮುಖ ನೋಡಿ ಎಲ್ರೂ ಇದನ್ನೇ ಕೇಳ್ತಾರೆ. ನಿಮ್ ಮಾತು ಕೇಳಿ ನಿಮ್ಮನ್ನೂ ಕೇಳ್ತಾರಲ್ವಾ?"

ಕೇಳುತ್ತಾರೆ.

ಅವಳು ಕಲಿಸಿದ್ದು ಚಿಗಾಂಗ್; ಮರ ತಬ್ಬಿದ ಹಾಗೆ ನಿಲ್ಲುವುದೂ ಅದರಲ್ಲೇ ಒಂದು. ಚಿ ಅಂದರೆ ಉಸಿರು, ಗಾಂಗ್ ಅಂದರೆ ದುಡಿಮೆ ಅಂದಳು. ಅವಳ ಅಜ್ಜನ ಕಾಲದಿಂದ ಬಂದ, ಚೀನಾದ ದಾವೋ ಪಂಥದ ಅಭ್ಯಾಸವಂತೆ. ದಾವೋ ಅಂದರೆ ದಾರಿ. ನಾನು ರೊಟ್ಟಿ ಬಡಿದ ಕೈಯವಳು, ಮೊದಲ ದಿನವೇ ತೋಳನ್ನು ಜಗ್ಗಿ ಎತ್ತಿದೆ. ಕಣ್ಣಲ್ಲಿ ನೀರು ಬಂತು.

"ಬಲ ಹಾಕ್ಬೇಡಿ ಅಂದ್ನಲ್ಲಾ! ಉಸಿರು ಏಳಲಿ, ಅದ್ರ ಹಿಂದೆ ಕೈ ಏಳಲಿ."

"ನಮ್ಮ ಕಡೆ ಬಲ ಹಾಕದ ಏನೂ ಏಳಂಗಿಲ್ರೀ."

"ಹಿಟ್ಟು ಹದಕ್ಕೆ ಬರೋಕ್ಮುಂಚೆ ರೊಟ್ಟಿ ಬಡೀತೀರಾ?"

ಕೈ ಇಳಿಸಿ ಮತ್ತೆ ಮೊದಲಿಂದ ಶುರುಮಾಡಿದೆ. ಮಾತಿಗೆ ಮಾತು ಬಲ್ಲ ಹೆಂಗಸು.

ಅಷ್ಟರಲ್ಲಿ ನಿಂಬೆಹಣ್ಣಿನ ಸುದ್ದಿ ಹಾಲಿನ ಬೂತಿನಿಂದ ಮಾಲೀಕರ ಮನೆಗೆ, ಅಲ್ಲಿಂದ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂತು. ಶಾಂತಾ ಚೀಲ ಇಳಿಸುವ ಮೊದಲೇ ಶುರುಮಾಡಿದಳು.

"ಅವ್ವಾ, ನಿನ್ನ ಮೈಮ್ಯಾಲ ದೇವ್ರು ಬರ್ತದಂತ. ಮಾಲಕರು ಕೇಳಾಕತ್ತಾರ. ನಾಳಿಂದ ಪಾರ್ಕಿಗೆ ಹೋಗಬ್ಯಾಡ."

"ಬಾಡಿಗಿ ಮನೀದು. ನನ್ನ ತೋಳಿಂದಲ್ಲ."

"ಜನಾ ನಗ್ತಾರಬೇ!"

"ನಗಲಿ. ಮುಂಜಾನೆ ನನ್ನ ತುರುಬು ಕಟ್ಟಾಕ ಆ ಜನಾ ಬರ್ತಾರೇನು?"

ಶಾಂತಾ ಮೂರು ದಿನ ನನ್ನ ತುರುಬನ್ನು ಇನ್ನೂ ಬಿಗಿಯಾಗಿ ಕಟ್ಟಿದಳು. ನಾನು ಮೂರು ದಿನವೂ ಪಾರ್ಕಿಗೆ ಹೋದೆ. ಕಟ್ಟೆಯ ಹಿಂದೆ ಮರೆಯಲ್ಲಿ ನಿಲ್ಲೋಣ ಅಂದಳು ಲೀಯಮ್ಮ. ನಾನು ಗೇಟಿಗೆ ಎದುರಾಗಿ ನಿಂತೆ. ಕದ್ದು ಮಾಡಲು ಇದೇನು ಕಳ್ಳತನವೇ? ನಾಲ್ಕನೆಯ ದಿನ ನಿಂಬೆಹಣ್ಣಿನವಳು ಮತ್ತೆ ಬಂದಳು, ಈ ಸಲ ಊದಿನಕಡ್ಡಿಯೂ ಇತ್ತು.

"ನಿನ್ನ ಮಗಳ ಮದುವಿ ನನಗ ಗೊತ್ತಿಲ್ಲ. ನಿನ್ನ ಮೊಣಕಾಲು ನೋಯ್ತದಲ್ಲ, ಕುಂಟೂದು ಕಾಣಸ್ತದ. ಅದನ್ನ ಕೆಳಗಿಟ್ಟು ಇಲ್ಲಿ ನಿಲ್ಲು" ಅಂದೆ. ಬೈದುಕೊಳ್ಳುತ್ತಲೇ ನಿಂತಳು.

ಎಂಟು ತಿಂಗಳು ಹಿಡಿಯಿತು. ಒಂದು ಬೆಳಗ್ಗೆ ಶಾಂತಾ ಬಾಚಣಿಗೆ ಹಿಡಿದು ಬರುವಷ್ಟರಲ್ಲಿ ನನ್ನ ತುರುಬು ನಾನೇ ಕಟ್ಟಿಕೊಂಡಿದ್ದೆ. ಸೊಟ್ಟಗಿತ್ತು. ಅವಳು ಸರಿಮಾಡಲು ಕೈ ಚಾಚಿ, ಹಾಗೇ ಹಿಂದಕ್ಕೆ ತೆಗೆದುಕೊಂಡಳು. "ಚಂದ ಆಗೇತಿ ಬಿಡವ್ವಾ" ಅಂದಳು. ವಾಸಿ ಮಾಡಿದ್ದು ಚಿಯೋ, ದಿನಾ ಆಡಿಸಿದ್ದೋ, ನಾನು ಹೇಳಲಾರೆ. ಇದರಿಂದ ಸಕ್ಕರೆ ಕಾಯಿಲೆ ಹೋಗುತ್ತೆ ಅಂತ ಯಾರಾದರೂ ಅಂದರೆ ನಂಬಬೇಡಿ; ಆ ಮಾತ್ರೆ ನಾನೂ ನುಂಗುತ್ತೇನೆ.

ಕಳೆದ ಸಲ ಊರಿಗೆ ಹೋದಾಗ ಅಂಗಳದಲ್ಲಿ ಹೀಗೇ ನಿಂತೆ. ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಕಸಬರಿಗೆ ಹಿಡಿದು ನೋಡುತ್ತ ನಿಂತಳು. "ಯಕ್ಕಾ, ಬೆಂಗಳೂರಾಗ ಏನು ಹಿಡದದಬೇ ನಿನ್ನ?"

ತಿರುಗಿ ಬರುವಾಗ ಬಸ್ಸಿನಲ್ಲಿ ಪಕ್ಕದವಳು ಯಾವೂರವ್ವಾ ಅಂತ ಕೇಳಿದರೆ ಬಾಯಿ ತಪ್ಪಿ ಹಲಸೂರು ಅಂದುಬಿಟ್ಟೆ. ಹಲಸೂರಿನ ತರಕಾರಿಯವಳಿಗೆ ಇವತ್ತಿಗೂ ಗದಗ ಅನ್ನುತ್ತೇನೆ. ಎರಡೂ ಸುಳ್ಳಲ್ಲ, ಎರಡನ್ನೂ ಯಾರೂ ಪೂರ್ತಿ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಎರಡೂ ಊರಲ್ಲಿ ನನ್ನ ತುರುಬು ನಾನೇ ಕಟ್ಟುತ್ತೇನೆ.