ಸಿದ್ದಲಿಂಗಯ್ಯನವರು ಕಿತ್ತುಕೊಂಡ ಸೌಟು

ಮನೆ ತುಂಬ ಜನ ನೋಡುತ್ತಿರುವಾಗ ನನ್ನ ಕೈಯಿಂದ ಸೌಟು ಕಿತ್ತುಕೊಂಡ ಸಿದ್ದಲಿಂಗಯ್ಯನವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಡುಗೆಯವನ ಕೈಯಿಂದ ಸೌಟು ಕೀಳುವುದೆಂದರೆ ಮಂಗಳಾರತಿಯ ಹೊತ್ತಿಗೆ ಪೂಜಾರಿಯ ಕೈಯಿಂದ ಗಂಟೆ ಕಿತ್ತ ಹಾಗೆ. ಅದೂ ಏನು ಹೇಳಿ ಕಿತ್ತರು? "ಬಿಡಯ್ಯ, ನೀನಿನ್ನೂ ಟೂರಿಸ್ಟು." ಮೈಸೂರಿನಲ್ಲಿ ಅರ್ಧ ಆಯುಷ್ಯ ಮದುವೆಮನೆ ಅಡುಗೆ ಮಾಡಿದವನು ನಾನು. ನನ್ನನ್ನು ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಕಾಂಗರೂ ನೋಡಲು ಬಂದವನ ಹಾಗೆ ಮಾತಾಡಿಸಿದರು. ನಾನು ಓದಿದ್ದು ಏಳನೇ ಕ್ಲಾಸು. ಆದರೂ ಈ ಮನುಷ್ಯನ ಬಗ್ಗೆ ನಾನೇ ಬರೆಯಬೇಕು. ಅವರ ಮೇಲೆ ಬರೆಯುವಷ್ಟು ಸಿಟ್ಟು ಪರ್ತ್‌ನಲ್ಲಿ ಬೇರೆ ಯಾರಿಗೂ ಇಲ್ಲ.

ಸಿದ್ದಲಿಂಗಯ್ಯನವರು ಊರಿನಲ್ಲಿ ಸರ್ಕಾರಿ ಬಸ್ಸಿನ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದವರು. ನಡುದಾರಿಯಲ್ಲಿ ಕೈ ಅಡ್ಡ ಹಾಕಿ ಬಸ್ ನಿಲ್ಲಿಸಿ ಟಿಕೆಟ್ ಇಲ್ಲದವರನ್ನು ಹಿಡಿಯುವುದೇ ಅವರ ಜೀವನವಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿನ ವಿಲೆಟನ್ ಬಡಾವಣೆಯಲ್ಲಿದ್ದ ಮಗ ಸಿದ್ಧಾರ್ಥ ಅವರನ್ನು ಕರೆಸಿಕೊಂಡ. ಕೆಲಸ ಬಿಟ್ಟರೂ ಅಭ್ಯಾಸ ಬಿಡಲಿಲ್ಲ. ಇಲ್ಲಿನ ಬಸ್ಸು ಹತ್ತಿದರೆ ಹಿಂದಕ್ಕೆ ತಿರುಗಿಕೊಂಡು ಕೂತು, ಟಿಕೆಟ್ ಮೆಷಿನ್ನಿಗೆ ಕಾರ್ಡ್ ತಾಗಿಸದೆ ನುಗ್ಗಿದ ಹುಡುಗರನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಹುಡುಗರು ತಾವಾಗಿಯೇ ಎದ್ದು ಹೋಗಿ ಕಾರ್ಡ್ ತಾಗಿಸಿ ಬರುತ್ತಿದ್ದರು. ಸೊಸೆ ಪೂರ್ವಿ ಮಾವನ ಜೊತೆ ಬಸ್ಸಿನಲ್ಲಿ ಹೋಗುವುದನ್ನೇ ಬಿಟ್ಟಳು.

ಬಸ್ಸಿನವರು ಸಾಲದೆಂದು ಅವರ ಕಣ್ಣು ನನ್ನ ಮೇಲೂ ಬಿತ್ತು.

ನನ್ನ ಹೆಂಡತಿ ಹಂಸಾ ಇಲ್ಲಿ ವೃದ್ಧಾಶ್ರಮದಲ್ಲಿ ನರ್ಸು, ಈ ದೇಶದ ಪ್ರಜೆ. ಇಬ್ಬರಿಗೂ ವಯಸ್ಸು ದಾಟಿದ ಮೇಲೆ ಆದ ಮದುವೆ ನಮ್ಮದು. ನಾನು ಬಂದದ್ದು ವಿಸಿಟರ್ ವೀಸಾದಲ್ಲಿ. ಬಂದ ಮೇಲೆ ಅವಳ ಗಂಡ ಎಂಬ ಲೆಕ್ಕದಲ್ಲಿ ಇಲ್ಲೇ ಖಾಯಂ ಆಗಿರಲು ಅರ್ಜಿ ಹಾಕಿದೆವು. ಕೂಡಲೇ ಬ್ರಿಡ್ಜಿಂಗ್ ವೀಸಾ ಎಂದು ಒಂದು ಬಂತು. ಅರ್ಜಿ ತೀರ್ಮಾನವಾಗುವವರೆಗೆ ಇಲ್ಲಿರಬಹುದು, ದುಡಿಯಲೂಬಹುದು ಎಂದಿತ್ತು. ನಾನು ಮೀಸೆ ತಿರುವಿದೆ. ಆಮೇಲೆ ಗೊತ್ತಾಯಿತು, ಅದು ಕೈಗೆ ಬಂದರೂ ನಿದ್ದೆಯಲ್ಲೇ ಇರುತ್ತದಂತೆ. ವಿಸಿಟರ್ ವೀಸಾದ ಅವಧಿ ಮುಗಿದ ಮೇಲೇ ಅದಕ್ಕೆ ಎಚ್ಚರ. ಅಷ್ಟರೊಳಗೆ ಕೆಲಸ ಮಾಡಿ ಸಿಕ್ಕಿಬಿದ್ದರೆ ಹಂಸಾಳನ್ನು ಬಿಟ್ಟು ವಾಪಸ್ ವಿಮಾನ ಹತ್ತಬೇಕಾಗಬಹುದು.

ಪಾರ್ಕಿನಲ್ಲಿ ಕನ್ನಡದವರೆಲ್ಲ ಸೇರಿದ್ದಾಗ ನಾನು ಇದನ್ನು ಹೇಳಿಕೊಂಡು ಕೂಗಾಡುತ್ತಿದ್ದೆ. "ಕೊಟ್ಟ ಮೇಲೆ ಕೊಟ್ಟ ಹಾಗಲ್ವಾ? ಇದೇನು ಬಾಣಂತಿನಾ, ಮಲಗಿ ಏಳೋಕೆ?"

ಸಿದ್ದಲಿಂಗಯ್ಯನವರು ಪಕ್ಕಕ್ಕೆ ಬಂದು ಕೂತರು. "ನಿಂಗೆ ಪ್ರಶಾಂತ ಅಂತ ಯಾರಯ್ಯ ಹೆಸರಿಟ್ಟಿದ್ದು? ಕೇಳಿಲ್ಲಿ. ನಾಳೆ ಬಸ್ಸಿಗೆ ರಿಸರ್ವೇಶನ್ ಮಾಡಿಸಿದ್ದೀಯ. ಟಿಕೆಟ್ ಜೇಬಲ್ಲಿದೆ ಅಂತ ಇವತ್ತಿನ ಬಸ್ ಹತ್ತಿದ್ರೆ ಏನಂತೀವಿ?"

"ಏನಂತೀರಿ?"

"ಕೆಳಗಿಳಿ ಅಂತೀವಿ."

ಆವತ್ತಿನಿಂದ ನನ್ನ ಕೈಗಳು ಅವರ ಸುಪರ್ದಿಗೆ ಹೋದವು. ಪಾರ್ಕಿನಲ್ಲಿ ಕುರ್ಚಿ ಮಡಚಲು ಹೋದರೆ, "ಇಡು. ಅದಕ್ಕೆ ಇಲ್ಲಿ ಕೂಲಿ ಇದೆ." ಯಾರದೋ ಮನೆಯಲ್ಲಿ ಈರುಳ್ಳಿ ಹೆಚ್ಚಲು ಕೂತರೆ, "ಏಳು."

ಹಂಸಾಳಿಗೆ ನಗು. "ಅಂಕಲ್, ಮನೇಲಿ ಪಾತ್ರೆ ತೊಳಿಬೋದಾ ಇವ್ರು?"

"ಸ್ವಂತ ಮನೇದು ತೊಳಿಬೋದಮ್ಮ. ತೊಳೀಲೇಬೇಕು."

ವಿಸಿಟರ್ ವೀಸಾ ಮುಗಿಯಲು ಇನ್ನು ಕೆಲವೇ ದಿನ ಎನ್ನುವಾಗ ಸದರ್ನ್ ರಿವರ್ ಎಂಬ ಬಡಾವಣೆಯಲ್ಲಿ ವಸಂತಕುಮಾರ್ ಮತ್ತು ಇಂದುಮತಿಯ ಹೊಸ ಮನೆಯ ಗೃಹಪ್ರವೇಶ ಬಂತು. ಗಂಡ ಹೆಂಡತಿ ಇಬ್ಬರೂ ಎಂಜಿನಿಯರು. ಹಾಲು ಉಕ್ಕಿತು, ಹೋಮ ಮುಗಿಯಿತು, ಅಡುಗೆಯವರು ಬರಲಿಲ್ಲ. ಮೈ ಹುಷಾರಿಲ್ಲವೆಂದು ಫೋನ್ ಮಾಡಿದರು. ಹಿತ್ತಲಲ್ಲಿ ಗ್ಯಾಸ್ ಒಲೆ, ದೊಡ್ಡ ಪಾತ್ರೆ, ತರಕಾರಿ ಎಲ್ಲ ಇತ್ತು. ಮಾಡುವ ಕೈ ಇರಲಿಲ್ಲ.

ಇಂದುಮತಿ ನನ್ನ ಹತ್ತಿರ ಓಡಿಬಂದಳು. "ಅಂಕಲ್, ನೀವೇ ಕಾಪಾಡ್ಬೇಕು. ಅವ್ರಿಗೆ ಕೊಡೋದನ್ನ ನಿಮ್ಗೇ ಕೊಟ್ಬಿಡ್ತೀವಿ."

ನಾನು ಕಾರಿನ ಡಿಕ್ಕಿಯಿಂದ ನನ್ನ ಸೌಟು ತಂದೆ. ಮೈಸೂರಿನಿಂದ ಹಂಸಾಳ ಸೀರೆಗಳ ನಡುವೆ ಸುತ್ತಿ ತಂದದ್ದು, ಮೊಳದುದ್ದ ಹಿಡಿಯದ್ದು. ಟವೆಲ್ ಸೊಂಟಕ್ಕೆ ಕಟ್ಟಿದೆ. ಆಗ ಎದೆಯ ಮುಂದೆ ಒಂದು ಕೈ ಅಡ್ಡ ಬಂತು, ಬಸ್ಸಿಗೆ ಬರುವ ಹಾಗೆಯೇ. ಸೌಟು ಹೋಯಿತು. ಟೂರಿಸ್ಟು ಎಂಬ ಮಾತು ಬಂದದ್ದು ಆಗಲೇ.

ಇಂದುಮತಿಗೂ ರೇಗಿತು. "ತಡೆದವ್ರು ನೀವು ಅಂಕಲ್. ಹಾಗಾದ್ರೆ ನೀವೇ ಮಾಡಿ."

ಸಿದ್ದಲಿಂಗಯ್ಯನವರು ಹುಟ್ಟಿದಂದಿನಿಂದ ಕಾಫಿಗೆ ನೀರಿಟ್ಟವರಲ್ಲ. ಸೌಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಆಮೇಲೆ ನನ್ನ ಅರ್ಜಿ ಹಾಕಿಕೊಟ್ಟಿದ್ದ ಅಡಿಲೇಡ್‌ನ ವೀಸಾ ಏಜೆಂಟ್ ಅಮೋಘನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಅಮೋಘ, ಕೈಯಲ್ಲಿ ಮಾಡಿದ್ರೆ ಕೆಲಸ. ಬಾಯಲ್ಲಿ ಹೇಳಿಕೊಟ್ರೆ?"

"ಅಂಕಲ್, ಇವತ್ತು ಭಾನುವಾರ."

"ಅದಕ್ಕೇ ಪುರುಸೊತ್ತಾಗಿದ್ದೀಯ. ಹೇಳು."

ಅಮೋಘ ನಿಟ್ಟುಸಿರು ಬಿಟ್ಟದ್ದು ಹಿತ್ತಲಿಗೆಲ್ಲ ಕೇಳಿಸಿತು. "ದುಡ್ಡಿಗೆ ಅಡುಗೆ ಮಾಡೋ ಹಾಗಿಲ್ಲ. ಬಿಟ್ಟಿ ಮಾಡಿದ್ರೂ, ಬೇರೆಯವ್ರಿಗೆ ಸಂಬಳ ಕೊಟ್ಟು ಮಾಡಿಸೋ ಕೆಲಸ ಅದು, ರಿಸ್ಕ್ ಬೇಡ. ಸ್ನೇಹಿತರ ಮನೇಲಿ ಕೂತ್ಕೊಂಡು ಉಪ್ಪು ಕಮ್ಮಿ ಆಯ್ತು ಅನ್ನೋದನ್ನ ಯಾವ ಸರ್ಕಾರನೂ ತಡೆಯಲ್ಲ."

ಅಷ್ಟು ಸಾಕಾಯಿತು. ಒಲೆಯಿಂದ ಆಚೆಗೆ ಒಂದು ಕುರ್ಚಿ ಹಾಕಿ, ಕೈಕಟ್ಟಿಸಿ ನನ್ನನ್ನು ಕೂರಿಸಿದರು. ನಾನು ಹೇಳುವುದು, ಅವರು ಮಾಡುವುದು. ಬಿಸಿಬೇಳೆಬಾತು.

"ಸಾರ್, ಎಣ್ಣೆ ಹಾಕಿ."

"ಎಷ್ಟು?"

"ಸುಮಾರಾಗಿ."

"ಸುಮಾರಾಗಿ ಅಂದ್ರೆ ಎಷ್ಟಯ್ಯ? ನಾನು ಸುಮಾರಾಗಿ ಯಾರಿಗೂ ಫೈನ್ ಹಾಕಿದವನಲ್ಲ."

"ಸಾಸಿವೆ ಸಿಡೀಲಿ. ಸಿಡೀಲಿ ಅಂದೆ, ನೀವು ಯಾಕೆ ಓಡ್ತೀರಿ? ಬನ್ನಿ ಇಲ್ಲಿ. ಇಂಗು ಎಲ್ಲಿ? ಅದು ಇಂಗಲ್ಲ, ಕರ್ಪೂರ."

ಗಂಡಸರು ಕುರ್ಚಿ ಎಳೆದುಕೊಂಡು ಬಂದು ನಮ್ಮ ಸುತ್ತ ಕೂತರು. ಇಂದುಮತಿಯ ಮಗಳು ಅದಿತಿ ಅಮ್ಮನ ಸೆರಗು ಎಳೆದು, "ಮಮ್ಮಿ, ವೈ ಈಸ್ ಹೀ ಯೆಲಿಂಗ್ ಅಟ್ ತಾತ?" ಎಂದಳು.

"ಅಡುಗೆ ಮಾಡ್ತಿದ್ದಾರೆ ಪುಟ್ಟ," ಎಂದಳು ಇಂದುಮತಿ.

ಬೇಳೆ ಅಕ್ಕಿ ಗಟ್ಟಿಯಾಗತೊಡಗಿತು. ನನ್ನ ಮೂಗಿಗೆ ಮೊದಲು ಗೊತ್ತಾಯಿತು. "ತಳ ಹತ್ತುತ್ತಿದೆ. ಅಡಿಯಿಂದ ತಿರುವಿ." ಅವರು ಮೇಲೆ ಮೇಲೆ ಪಾಯಸ ಕದಡುವ ಹಾಗೆ ಕದಡುತ್ತಿದ್ದರು. "ಅಡಿಯಿಂದ ಅಂದೆ." ಇನ್ನು ತಡೆಯಲಾಗಲಿಲ್ಲ. ವೀಸಾ ಹಾಳಾಗಲಿ ಎಂದು ಎದ್ದು ಹೋಗಿ ಸೌಟಿಗೆ ಕೈ ಹಾಕಿದೆ.

ಸಿದ್ದಲಿಂಗಯ್ಯನವರು ಸೌಟು ಬಿಡಲಿಲ್ಲ. ನಾನು ಎಳೆದ ರಭಸಕ್ಕೆ ಮುಗ್ಗರಿಸಿ, ಎಡಗೈಯನ್ನು ಪಾತ್ರೆಯ ಕಂಠದ ಮೇಲೆ ಊರಿಬಿಟ್ಟರು. ಚುರ್ ಎಂದಿತು. ಮುಖ ಕೆಂಪಾಯಿತು. ಬಲಗೈಯ ಸೌಟು ಮಾತ್ರ ಹಾಗೇ ಇತ್ತು.

"ಕೂತ್ಕೊ," ಎಂದರು. "ಹಂಸಾ ನೋಡ್ತಿದ್ದಾಳೆ. ಕೂತ್ಕೊಂಡು ಹೇಳು. ಅಡಿಯಿಂದ ಅಂದ್ಯಲ್ಲ, ಎಡಕ್ಕಾ ಬಲಕ್ಕಾ?"

ನಾನು ಕೂತೆ. ಹಂಸಾ ಅವರ ಎಡಗೈಯನ್ನು ನೀರಿನ ಬಕೆಟ್ಟಿನಲ್ಲಿ ಹಿಡಿದು ನಿಂತಳು. ಅವರು ಬಲಗೈಯಲ್ಲಿ ತಿರುವುತ್ತಲೇ ಇದ್ದರು.

ಬಾತು ಸೀದಿತ್ತು. ಸ್ಮೋಕಿ ಫ್ಲೇವರ್ ಚೆನ್ನಾಗಿದೆ ಎಂದು ವಸಂತಕುಮಾರ್ ಎರಡು ಸಲ ಬಡಿಸಿಕೊಂಡ. ಅಂಥ ನಾಲಿಗೆಗೆ ನಾನು ಏನು ಹೇಳಲಿ.

ಹೊರಡುವಾಗ ಇಂದುಮತಿ ತಾಂಬೂಲದ ಚೀಲ ಹಿಡಿದು ಬಂದಳು. ನಾನು ಹೆದರಿ ಹಿಂದೆ ಸರಿದೆ. ಕಾಯಿಯನ್ನೂ ಸಂಬಳ ಅಂದುಬಿಟ್ಟರೆ?

"ಗೃಹಪ್ರವೇಶದ ತಾಂಬೂಲ ಬೇಡ ಅಂತಾರಾ ಯಾರಾದ್ರೂ?" ಅವಳ ಕಣ್ಣಲ್ಲಿ ನೀರು ಬಂತು.

ಸಿದ್ದಲಿಂಗಯ್ಯನವರು ಚೀಲ ಇಸಿದುಕೊಂಡು ತಪಾಸಣೆ ಮಾಡಿದರು. ವೀಳ್ಯದೆಲೆಯ ಅಡಿಯಲ್ಲಿ ಒಂದು ಕವರು ಸಿಕ್ಕಿತು. ಟಿಕೆಟ್ ಇಲ್ಲದವನನ್ನು ಹಿಡಿದ ಖುಷಿ ಅವರ ಮುಖದಲ್ಲಿ. ಕವರನ್ನು ವಸಂತಕುಮಾರನ ಜೇಬಿಗೆ ತುರುಕಿ ಚೀಲವನ್ನು ನನಗೆ ಕೊಟ್ಟರು. "ಈಗ ತಗೋ. ಇದು ಬರೀ ಕಾಯಿ."

ಸೌಟನ್ನು ಮಾತ್ರ ತಮ್ಮ ಮನೆಗೆ ಒಯ್ದರು. ನನ್ನ ಮೇಲೆ ನಂಬಿಕೆ ಇರಲಿಲ್ಲ.

ಬ್ರಿಡ್ಜಿಂಗ್ ವೀಸಾಕ್ಕೆ ಎಚ್ಚರವಾದ ದಿನ ಬೆಳಗ್ಗೆ ನಮ್ಮ ಬಾಗಿಲು ತಟ್ಟಿದವರು ಅವರೇ. ಎಡಗೈಗೆ ಬ್ಯಾಂಡೇಜು, ಬಲಗೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಸೌಟು. "ಬಸ್ ಬಂತು ಕಣಯ್ಯ. ಹತ್ತು."

ಸಿಟ್ಟು ಇದ್ದೇ ಇತ್ತು. ಆದರೂ ಬಾಯಿಂದ ಬೇರೆ ಮಾತು ಬಂತು. "ಸಾರ್, ಒಂದು ದಿನ ನನ್ನ ಕೈಯಾರೆ ಬಿಸಿಬೇಳೆಬಾತ್ ಮಾಡಿ ಹಾಕ್ತೀನಿ. ಅದು ನಿಮ್ಮ ಋಣ."

"ತಳ ಹತ್ತಬಾರದು."

"ಹತ್ತಲ್ಲ."

ಅದೇ ವಾರ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಖಾರವಿಲ್ಲ, ಒಗ್ಗರಣೆಯಿಲ್ಲ, ದಿನವಿಡೀ ಆಲೂಗಡ್ಡೆ ಬೇಯಿಸಿ ಮುದ್ದೆ ಮಾಡುವುದು. ಕಾನೂನುಬದ್ಧವಾದ ಆಲೂಗಡ್ಡೆ. ನನಗೆ ರಜೆ ಸಿಗುವಷ್ಟರಲ್ಲಿ ಸಿದ್ಧಾರ್ಥನಿಗೆ ಬ್ರಿಸ್ಬೇನಿಗೆ ವರ್ಗವಾಯಿತು, ಅಪ್ಪನನ್ನೂ ಕರೆದುಕೊಂಡು ಹೋದ. ಋಣ ಬೆಳೆಯಿತು. ಕೊನೆಗೂ ನನಗೆ ಪಿ.ಆರ್., ಅಂದರೆ ಇಲ್ಲೇ ಖಾಯಂ ಆಗಿರುವ ಹಕ್ಕು ಬಂದ ತಿಂಗಳು, ಸೌಟನ್ನು ಮತ್ತೆ ಹಂಸಾಳ ಸೀರೆಯಲ್ಲಿ ಸುತ್ತಿಕೊಂಡು ವಿಮಾನ ಹತ್ತಿದೆ.

ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಅವರದು ಆಕಾಶಕ್ಕೆ ತಾಗುವ ಅಪಾರ್ಟ್‌ಮೆಂಟು. ಮಗ ಸೊಸೆ ಆಫೀಸಿಗೆ ಹೋಗಿದ್ದರು. ಸಿದ್ದಲಿಂಗಯ್ಯನವರು ಕುರ್ಚಿ ಹಾಕಿಕೊಂಡು ಕೈಕಟ್ಟಿ ಕೂತರು. "ಈಗ ನಾನು ಟೂರಿಸ್ಟು," ಎಂದರು. ಬೇಳೆ ಬೆಂದಿತು, ತರಕಾರಿ ಬೆಂದಿತು, ತಳ ಹತ್ತಲಿಲ್ಲ. ಉಳಿದದ್ದು ಒಗ್ಗರಣೆ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದು ಘಾಟು ಎದ್ದದ್ದೇ ತಡ, ಚಾವಣಿಯ ಹೊಗೆ ಅಲಾರಮ್ಮಿನಿಂದ ಒಂದು ಕಿರುಚಾಟ ಶುರುವಾಯಿತು. ಆಮೇಲೆ ಕಾರಿಡಾರಿನಲ್ಲಿ. ಆಮೇಲೆ ಇಡೀ ಕಟ್ಟಡದಲ್ಲಿ.

ಎಲ್ಲರೂ ಮೆಟ್ಟಿಲಿಳಿದು ಬೀದಿಯಲ್ಲಿ ನಿಂತೆವು. ಸ್ನಾನದ ಟವೆಲ್ಲಿನಲ್ಲಿದ್ದವರು, ನಾಯಿ ಎತ್ತಿಕೊಂಡವರು. ಬೆಂಕಿ ಆರಿಸುವವರ ಕೆಂಪು ಗಾಡಿ ಬಂತು. ಹೆಲ್ಮೆಟ್ಟಿನವನೊಬ್ಬ ಅಡುಗೆ ಮಾಡುತ್ತಿದ್ದವರು ಯಾರೆಂದು ಕೇಳಿದ. ನಾನು ಎದೆಯುಬ್ಬಿಸಿ ಹೆಜ್ಜೆ ಮುಂದಿಟ್ಟೆ. ನಾನೇ ಎಂದು ಹೇಳುವ ಹಕ್ಕು ಈಗ ನನಗಿತ್ತು.

ಎದೆಯ ಮುಂದೆ ಒಂದು ಕೈ ಅಡ್ಡ ಬಂತು. ಅಂಗೈಯಲ್ಲಿ ಹಳೆಯ ಸುಟ್ಟ ಕಲೆ.

"ಮೀ ಕುಕಿಂಗ್," ಎಂದರು ಸಿದ್ದಲಿಂಗಯ್ಯನವರು. "ಹೀ ಓನ್ಲಿ ಟಾಕಿಂಗ್."

"ಸಾರ್, ನಂಗೆ ಪಿ.ಆರ್. ಬಂದಿದೆ."

ಅವರು ಯೋಚಿಸಿದರು. "ಹೌದಲ್ವಾ. ಆದ್ರೆ ಹೇಳ್ಬಿಟ್ನಲ್ಲ. ಇನ್ನು ಸುಮ್ನಿರು."

ಬೈಗುಳವೆಲ್ಲ ಅವರಿಗೇ ಬಿತ್ತು. ಓಡಿಬಂದ ಸಿದ್ಧಾರ್ಥ ಇನ್ನು ಮೇಲೆ ಅಪ್ಪ ಒಲೆಯ ಹತ್ತಿರವೂ ಸುಳಿಯಕೂಡದೆಂದ. ಮೇಲೆ ಹೋಗಲು ಬಿಡುವಷ್ಟರಲ್ಲಿ ನನ್ನ ವಿಮಾನಕ್ಕೆ ಹೊತ್ತಾಗಿತ್ತು. ಹೊರಡುವ ಮುಂಚೆ ಅವರು ಪಕ್ಕದ ಅಂಗಡಿಯಿಂದ ಬಿಸಿ ಚಿಪ್ಸ್ ತಂದು ನನಗೇ ತಿನ್ನಿಸಿದರು. ಅದೂ ಅವರ ಕಡೆಯಿಂದ.

ಸೌಟು ಅಲ್ಲೇ ಉಳಿಯಿತು. ಆಗಾಗ ಫೋನ್ ಮಾಡಿ, "ನಿನ್ನ ಸೌಟು ನನ್ನ ಹತ್ರಾನೇ ಇದೆ, ಯಾವಾಗ ಬರ್ತೀಯ?" ಎನ್ನುತ್ತಾರೆ. "ಮೊದ್ಲು ಒಗ್ಗರಣೆ ಹಾಕಕ್ಕಾಗೋ ಮನೆ ನೋಡ್ಕೊಳ್ಳಿ ಸಾರ್," ಎಂದು ರೇಗುತ್ತೇನೆ. ಅವರು ಮನೆ ಬದಲಿಸಿಲ್ಲ. ಬಿಸಿಬೇಳೆಬಾತು ಹಾಗೇ ಬಾಕಿ ಇದೆ.