ಟ್ಯಾಂಕಿನಲ್ಲಿ ಉಳಿದಿದ್ದಷ್ಟು ಗಾಳಿ

ಎಮ್ಮೆಯೊಂದನ್ನು ತಪ್ಪಿಸಲು ಹೋಗಿ ನಮ್ಮ ಬಸ್ಸು ಮರಕ್ಕೆ ಗುದ್ದಿತು. ಎಂಬತ್ತರ ದಶಕದ ಮಾತು. ನಂದಗಡದಿಂದ ಬೆಳಗಾವಿಗೆ ಕೆಲಸಕ್ಕೆ ಹೊರಟಿದ್ದೆ. ಎಲ್ಲರೂ ಇಳಿದರು. ನನ್ನ ಕಾಲು ಮಾತ್ರ ಸೀಟಿನ ಕಬ್ಬಿಣದ ಪಟ್ಟಿಯಡಿ ಸಿಕ್ಕಿಕೊಂಡಿತ್ತು. ಡೀಸೆಲ್ ಸೋರುತ್ತಿದ್ದುದರಿಂದ ಗ್ಯಾಸ್ ಕಟರ್ ಹಚ್ಚುವಂತಿರಲಿಲ್ಲ.

ಎದುರಿಗೆ ಹಸೀನಾಬಿಯವರ ಪಂಕ್ಚರ್ ಅಂಗಡಿ. ಅಲ್ಲಿಗಿನ್ನೂ ಕರೆಂಟ್ ಬಂದಿರಲಿಲ್ಲ. ಹಳೆಯ ಲಾರಿಗಳ ಬ್ರೇಕಿನ ಗಾಳಿ ಟ್ಯಾಂಕುಗಳನ್ನು ಜೋಡಿಸಿ, ಡೀಸೆಲ್ ಎಂಜಿನ್ನಿನಿಂದ ಗಾಳಿ ತುಂಬಿಟ್ಟು, ಆ ಒತ್ತಡದಿಂದಲೇ ರಿಪೇರಿಯ ಹತ್ಯಾರಗಳನ್ನು ನಡೆಸುತ್ತಿದ್ದರು. ಉದ್ದನೆಯ ಪೈಪು ಎಳೆದುಕೊಂಡು, ಗಾಳಿಯಿಂದ ಬಡಿಯುವ ಉಳಿ ಹಿಡಿದು ಬಸ್ಸು ಹತ್ತಿದರು.

"ಇವತ್ತ ಎಂಜಿನ್ ಕೆಟ್ಟೈತಿ. ಟ್ಯಾಂಕಿನ್ಯಾಗ ಇದ್ದಷ್ಟ ಗಾಳಿ. ಸಾಕಾಗ್ತೈತಿ, ಹೆದರಬ್ಯಾಡ್ರಿ."

ಉಳಿ ಪಟ್ಟಿಯನ್ನು ಕಡಿಯುತ್ತಾ ಹೋಯಿತು. ನಡುವೆ ಅದರ ಸದ್ದು ಕುಗ್ಗತೊಡಗಿತು. ಗಾಳಿ ಮುಗಿಯುತ್ತಿದೆ ಎಂದು ನನಗೂ ತಿಳಿಯಿತು. ಅವರು ಕೈ ತೆಗೆಯಲಿಲ್ಲ. ಕೊನೆಯ ಬಡಿತಗಳಿಗೆ ಪಟ್ಟಿ ಸೀಳಿ, ಕಾಲು ಹೊರಬಂತು.

"ಟ್ಯಾಂಕ್ ಎಲ್ಲಾ ಖಾಲಿ ಆದುವಲ್ರಿ," ಎಂದೆ ಅಳುತ್ತಲೇ.

"ಗಾಳಿಗೇನ್ ಬರ ಐತ್ರಿ? ಮತ್ತ ತುಂಬೂಣು," ಎಂದರು.

ಕಾಲಿನ ಮುರಿದ ಮೂಳೆ ಕೂಡಿದ ಮೇಲೆ ಅದೇ ದಾರಿಯಲ್ಲಿ ಮತ್ತೆ ಕೆಲಸಕ್ಕೆ ಹೋಗತೊಡಗಿದೆ. ಅಂಗಡಿ ದಾಟುವಾಗ ಕಿಟಕಿಯಿಂದ ಕೈ ಬೀಸಿದರೆ, ಹಸೀನಾಬಿ ನಟ್ಟು ಬಿಚ್ಚುವ ಪಾನಾ ಹಿಡಿದ ಕೈಯನ್ನೇ ಎತ್ತುತ್ತಿದ್ದರು.