ಹುಳದ ಜ್ವರ, ನನ್ನ ನೋವು

ಮಧುವನಹಳ್ಳಿಯ ನಮ್ಮ ಮನೆಯಲ್ಲಿ ರೇಷ್ಮೆ ಹುಳಕ್ಕಿದ್ದ ಮರ್ಯಾದೆ ನನಗಿರಲಿಲ್ಲ. ಪೊರೆ ಕಳಚುವ ಮುನ್ನ ಹುಳ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಇರುತ್ತದೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಮನೆಮಂದಿಯೆಲ್ಲ ತುದಿಗಾಲಲ್ಲಿ ಓಡಾಡಬೇಕು, ವಾಸನೆ ತಾಗೀತೆಂದು ಒಗ್ಗರಣೆ ಕೂಡ ಹಾಕುವಂತಿಲ್ಲ. ಮುಟ್ಟಾಗಿ ಕೊಟ್ಟಿಗೆಯ ಮೂಲೆ ಸೇರಿದ ನಾನು ಹೊಟ್ಟೆ ಹಿಡಿದುಕೊಂಡು ಹೊರಳಾಡಿದರೆ ಮಾತ್ರ ಅದು ಸೋಗು.

"ನಾವ್ಯಾರೂ ಎಂಗುಸ್ರಲ್ವಾ? ಓದ್ಕಂಡು ಬಿದ್ದಿರಾಕೆ ಒಂದು ನೆಪ," ಎನ್ನುತ್ತಿದ್ದಳು ಅವ್ವ.

ಎಪ್ಪತ್ತರ ದಶಕದಲ್ಲಿ ನಾನು ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಹೋಗಿ ಕಾಲೇಜು ಓದುತ್ತಿದ್ದೆ. ಒಂದು ದಿನ ಜೀವಶಾಸ್ತ್ರದ ಮೇಡಂ ಹೇಳಿದರು: ಜೀವಕೋಶದ ಪೊರೆಯಲ್ಲಿ ಕೊಬ್ಬಿದೆ, ಆ ಕೊಬ್ಬಿನಿಂದಲೇ ಮೈ ಒಂದು ವಸ್ತುವನ್ನು ಮಾಡಿಕೊಳ್ಳುತ್ತದೆ, ಹೆಸರು ಪ್ರೊಸ್ಟಗ್ಲಾಂಡಿನ್. ಉಗುರುಸುತ್ತು ಕೆಂಪಗೆ ಊದಿ ಮಿಡಿಯುವುದು, ಜ್ವರದಲ್ಲಿ ಮೈ ಕಾಯುವುದು, ಮುಟ್ಟಿನಲ್ಲಿ ಗರ್ಭಕೋಶ ಹಿಂಡುವುದು, ಎಲ್ಲದರಲ್ಲೂ ಅದರ ಕೈವಾಡವಿದೆ. ಆಸ್ಪಿರಿನ್ ಗುಳಿಗೆ ಅದು ತಯಾರಾಗುವುದನ್ನೇ ತಡೆಯುತ್ತದೆಂದು ಈಚೆಗಷ್ಟೇ ಗೊತ್ತಾಗಿದೆಯಂತೆ. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಇದನ್ನೇ ಸೋಗು ಎಂದರಲ್ಲ.

ಮುಂದಿನ ತಿಂಗಳು ಗುಳಿಗೆ ತಂದುಕೊಂಡೆ. ಆಗ ಹುಳಗಳು ಕೊನೆಯ, ನಾಲ್ಕನೇ ಜ್ವರದಲ್ಲಿದ್ದವು. ಅವ್ವ ಪೊಟ್ಟಣ ಕಿತ್ತು ತಿಪ್ಪೆಗೆ ಎಸೆದಳು.

"ಔಸ್ತಿ ವಾಸ್ನೆಗೆ ಉಳ ಸತ್ತೋದ್ರೆ?"

ನಾನು ತಿಪ್ಪೆಯಿಂದ ಪೊಟ್ಟಣ ಹೆಕ್ಕಿ ತಂದು, ಅವಳ ಎದುರಿಗೇ ಒಂದು ಗುಳಿಗೆ ನುಂಗಿ ನೀರು ಕುಡಿದೆ.

"ಉಳದ ಜರ ನಿಜ, ನನ್ ನೋವು ಸುಳ್ಳಾ? ಸತ್ರೆ ನನ್ ಕೇಳು," ಎಂದೆ.

ಹುಳಗಳು ಸಾಯಲಿಲ್ಲ. ಜ್ವರದಿಂದ ಎದ್ದು, ಸೊಪ್ಪು ಮೇಯ್ದು, ಗಟ್ಟಿ ಗೂಡು ಕಟ್ಟಿದವು.

ಎರಡು ತಿಂಗಳಾದ ಮೇಲೆ ಅದೇ ಮೂಲೆಯಲ್ಲಿ ಅವ್ವ ಮೊಣಕಾಲು ಹೊಟ್ಟೆಗೊತ್ತಿಕೊಂಡು ಕೂತಿದ್ದಳು. ಅವಳಿಗೂ ಮುಟ್ಟಿನ ಮೊದಲ ದಿನ. ನನ್ನನ್ನು ಮೆಲ್ಲಗೆ ಕರೆದಳು.

"ಆ ಗುಳ್ಗೆ ಒಂದು ಕೊಡು."

"ಮೊದ್ಲು ಸೋಗಲ್ಲ ಅನ್ನು."

ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

"ಸೋಗಲ್ಲ ಕಣವ್ವ. ನಾ ಮೈನೆರೆದಾಗ್ನಿಂದ್ಲೂ ಇಂಗೇ ನೋಯ್ತದೆ."

ಮುಟ್ಟಾದವರಿಗೆ ಏನು ಕೊಟ್ಟರೂ ಮೈ ಸೋಕದಂತೆ ಮೇಲಿಂದ ಹಾಕುವುದು ನಮ್ಮ ಮನೆಯ ರೂಢಿ. ಅವಳು ಸೆರಗು ಒಡ್ಡಿ ಕಾದಳು. ನಾನು ಅವಳ ಕೈ ಹಿಡಿದು, ಅಂಗೈಯೊಳಗೆ ಗುಳಿಗೆ ಇಟ್ಟು, ಬೆರಳುಗಳನ್ನು ಮಡಿಸಿದೆ.